ಸೊಲ್ಲಾಪುರದ ಕಾವು ಅಳೆಯಬೇಕಾದ್ದು ರಾತ್ರಿ

ಮಾನ್ಯರೆ,

ಬೇಸಿಗೆ ಬಂತೆಂದರೆ ಸೊಲ್ಲಾಪುರ ಸುತ್ತಲಿನ ಹಳ್ಳಿಗಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಕಾದಿದೆ ಎಂಬ ಲೆಕ್ಕ ಶುರುವಾಗುತ್ತದೆ. ಲೆಕ್ಕವೆಲ್ಲ ಮಧ್ಯಾಹ್ನದ್ದು, ಎಡವಟ್ಟಾಗುವುದು ಅಲ್ಲಿಯೇ. ಏಪ್ರಿಲ್‌, ಮೇನಲ್ಲಿ ಅಕ್ಕಲಕೋಟೆ ಕಡೆಯ ಎರೆಹೊಲಗಳು ಬೆಳೆಯಿಲ್ಲದೆ ಬರಿದಾಗಿರುತ್ತವೆ. ಒಣಗಿದ ಕರಿಮಣ್ಣು ಬಿಸಿಲೇರಿದಂತೆ ಊರಿನ ಗೋಡೆಗಳಿಗಿಂತ ಬೇಗ ಕಾಯುತ್ತದೆ. ಮುಂಜಾನೆ ಹತ್ತೂವರೆ ಸುಮಾರಿಗೆ ಹಾಯುವ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಊರಿಗಿಂತ ಹೊಲವೇ ಕೆಂಪಗೆ ಕಂಡರೆ ಅಚ್ಚರಿಪಡಬೇಕಿಲ್ಲ. ಅದು ತೋರಿಸುವುದು ನೆಲ, ಛಾವಣಿಗಳ ಬಿಸಿ, ಗಾಳಿಯದ್ದಲ್ಲ.

ಸೂರ್ಯ ಮುಳುಗಿದ ಮೇಲೆ ಬಯಲು ಬೇಗ ಆರುತ್ತದೆ. ಡಾಂಬರು, ಕಾಂಕ್ರೀಟು ಹಗಲಿನ ಕಾವನ್ನು ಬೆಳಗಿನತನಕ ಬಿಡುತ್ತಲೇ ಇರುತ್ತವೆ. ಇಕ್ಕಟ್ಟಾದ ಓಣಿಯಲ್ಲಿ ಅದು ಮೇಲೆ ಹೋಗದೆ ಎದುರಿನ ಗೋಡೆಗೇ ಬಡಿಯುತ್ತದೆ. ಲಂಡನ್ನಿನ ಹವಾಮಾನ ವೀಕ್ಷಕ ಲ್ಯೂಕ್ ಹೋವರ್ಡ್ ಎರಡು ಶತಮಾನದ ಹಿಂದೆಯೇ ಅಳೆದು, ರಾತ್ರಿ ನಗರ ಹಳ್ಳಿಗಿಂತ 3.7 ಫ್ಯಾರನ್‌ಹೀಟ್ ಡಿಗ್ರಿ ಬೆಚ್ಚಗೆ, ಹಗಲು ತುಸು ತಂಪು ಎಂದು ಬರೆದಿಟ್ಟ.

ಊರಿಗೂ ಹಳ್ಳಿಗೂ ಇರುವ ಈ ತಾಪದ ಅಂತರವನ್ನು ಅಗ್ಗದ ಡಿಜಿಟಲ್ ಸೆನ್ಸಾರ್‌ಗಳಿಂದಲೂ ಅಳೆಯಬಹುದು. ಆದರೆ ಒಂದೊಂದರಲ್ಲೂ ಅರ್ಧ ಡಿಗ್ರಿ ಆಚೀಚೆ ಇರುವುದರಿಂದ, ಏನೂ ವ್ಯತ್ಯಾಸವಿಲ್ಲದ ಎರಡು ಜಾಗಗಳ ನಡುವೆ ಒಂದು ಡಿಗ್ರಿ ಸುಮ್ಮನೆ ಹುಟ್ಟಿಬಿಡುತ್ತದೆ. ಮೊದಲು ಎಲ್ಲವನ್ನೂ ಒಂದೇ ನೆರಳಿನಲ್ಲಿ ಒಂದು ವಾರ ಜೊತೆಗಿಟ್ಟು, ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆಂದು ಬರೆದುಕೊಂಡು, ಆಮೇಲೆ ಅಷ್ಟನ್ನು ಕಳೆಯಬೇಕು ಇಲ್ಲವೇ ಕೂಡಬೇಕು. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೆರಳಗಲ ಸಂದುಬಿಟ್ಟು ಒಂದರ ಮೇಲೊಂದು ಬೋರಲು ಜೋಡಿಸಿ, ಒಳಗೆ ಸೆನ್ಸಾರ್ ಇಟ್ಟು, ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಕಟ್ಟಿ. ತಗಡಿನ ಛಾವಣಿ, ಎಸಿಯ ಬಿಸಿಗಾಳಿ ಹತ್ತಿರ ಬೇಡ.

ಹಳ್ಳಿಯ ಜಾಗ ಆರಿಸುವುದೇ ಕಷ್ಟದ ಕೆಲಸ. ಭೀಮಾ ದಂಡೆಯ ಕಬ್ಬಿನ ಗದ್ದೆಯಲ್ಲಿಟ್ಟರೆ ನೀರಿನ ತಂಪಿನಿಂದ ಅಂತರ ಉಬ್ಬಿ ಕಾಣುತ್ತದೆ. ಹಳ್ಳದ ತಗ್ಗೂ ಬೇಡ, ರಾತ್ರಿ ತಂಪುಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಊರಿನಷ್ಟೇ ಎತ್ತರದ, ಮಳೆಯಾಶ್ರಿತ ಬಯಲು ಹೊಲ ಒಳ್ಳೆಯದು. ಮೋಡ, ಗಾಳಿ ಇರುವ ರಾತ್ರಿಗಳ ಲೆಕ್ಕ ಬೇರೆಯೇ ಇಡಿ. ಆಗ ಅಂತರ ಕರಗುತ್ತದೆ.

ಬೈಕಿಗೆ ಸೆನ್ಸಾರ್ ಕಟ್ಟಿ ಊರು ಸುತ್ತುವವರು ಹೊರಟ ಜಾಗಕ್ಕೇ ಮರಳಿ ಇನ್ನೊಮ್ಮೆ ಅಳೆಯಲಿ. ಸುತ್ತುವಷ್ಟರಲ್ಲಿ ಊರೂ ಆರಿರುತ್ತದೆ. ಕಾರಿನ ಪರದೆಯ ಅಂಕಿಯನ್ನಂತೂ ನೆಚ್ಚಬೇಡಿ, ಅದರಲ್ಲಿ ಎಂಜಿನ್ನಿನ ಬಿಸಿಯೂ ಸೇರಿರುತ್ತದೆ.

ತಾವು ಪತ್ರಿಕೆಯಲ್ಲಿ ಗರಿಷ್ಠ ತಾಪಮಾನವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ನಗರದ್ದೂ ಒಂದು ಹಳ್ಳಿಯದ್ದೂ ಕನಿಷ್ಠ ತಾಪಮಾನವನ್ನು, ಅಳೆದ ಜಾಗದ ಹೆಸರಿನೊಡನೆ, ಪಕ್ಕದಲ್ಲೇ ಹಾಕಬೇಕೆಂದು ವಿನಂತಿ.

– ಹವಾಮಾನಾಸಕ್ತ ಓದುಗರು, ಸೊಲ್ಲಾಪುರ