ಕೈ ಜಾರಿದ ಒಂದು ಚೆಂಡು

ಶಿವಮೊಗ್ಗ

ಚಿರಂಜೀವಿ ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾನೂ ನಿನ್ನ ಅಮ್ಮನೂ ಇಲ್ಲಿ ಕ್ಷೇಮವಾಗಿದ್ದೇವೆ. ಫೋನಿನಲ್ಲಿ ದಿನವೂ ಮಾತಾಡುವಾಗ ಕಾಗದ ಬರೆಯುವ ಅಗತ್ಯವೇನು ಎಂದು ನೀನು ನಗಬಹುದು. ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ" ಎಂದು ಕೇಳುತ್ತೀಯೆ, ನಾನು "ಆಯ್ತು" ಎನ್ನುತ್ತೇನೆ, ಅಷ್ಟರಲ್ಲಿ ನಿನಗೆ ಮೀಟಿಂಗ್ ಬರುತ್ತದೆ. ನಾನು ಹೇಳಬೇಕೆಂದಿರುವ ಮಾತು ಸ್ವಲ್ಪ ಉದ್ದದ್ದು. ಅದು ನಿನ್ನ ಊರಿನ ಕಡೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿದ ಜೆರ್ರಿ ರೈಸ್ ಅವರಿಗೆ ಸಂಬಂಧಿಸಿದ್ದು. ನನಗೆ ಸಂಬಂಧಿಸಿದ್ದೂ ಹೌದು.

ಕಳೆದ ಚಳಿಗಾಲದಲ್ಲಿ ಸಾಂಟಾ ಕ್ಲಾರಾದ ನಿನ್ನ ಮನೆಯಲ್ಲಿದ್ದಾಗ, ಭಾನುವಾರಗಳಂದು ಟಿ.ವಿ.ಯಲ್ಲಿ ಬರುತ್ತಿದ್ದ ಫುಟ್‌ಬಾಲ್ ನನಗೆ ಮೊದಮೊದಲು ಬರಿಯ ನೂಕುನುಗ್ಗಲಾಗಿ ಕಾಣುತ್ತಿತ್ತು. ನೀನು ಊಟದ ಮೇಜಿನ ಮೇಲೆ ಲೋಟ, ಚಮಚಗಳನ್ನು ಜೋಡಿಸಿ, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕೆಂಬ ಲೆಕ್ಕವನ್ನು ಹೇಳಿಕೊಟ್ಟೆ. ಮಧ್ಯದಲ್ಲಿ ನಿಂತು ಚೆಂಡೆಸೆಯುವವನು ಕ್ವಾರ್ಟರ್‌ಬ್ಯಾಕ್. ಸಾಲಿನ ಅಂಚಿನಲ್ಲಿ ಒಂಟಿಯಾಗಿ ನಿಂತು, ಆಟ ಶುರುವಾದ ಕೂಡಲೇ ಓಡಿ ಆ ಚೆಂಡನ್ನು ಹಿಡಿಯಬೇಕಾದವನು ವೈಡ್ ರಿಸೀವರ್. ಅವನು ಓಡುವ ದಾರಿಗೆ ರೂಟ್ ಎನ್ನುತ್ತಾರೆ. ಇಷ್ಟು ಹೆಜ್ಜೆ ನೇರ, ಆಮೇಲೆ ಇಂಥ ಕಡೆಗೆ ತಿರುವು ಎಂದು ಅದು ಮೊದಲೇ ನಿಗದಿಯಾಗಿರುತ್ತದೆ. ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಬಿಟ್ಟಿರುತ್ತದೆ ಎಂದು ನೀನು ಹೇಳಿದಾಗ ನಾನು ನಂಬಿರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಆ ಆಟದ ರುಚಿ ಹತ್ತಿದ್ದು ಅಲ್ಲಿಯೇ: ಇನ್ನೂ ಯಾರೂ ತಲುಪದ ಬಿಂದುವಿಗೆ ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಅದೇ ಕ್ಷಣಕ್ಕೆ ಅಲ್ಲಿಗೆ ಬರುತ್ತಾನೆ.

ಆಮೇಲೊಂದು ಶನಿವಾರ ನೀನು ನಮ್ಮನ್ನು ಎಡ್ಜ್‌ವುಡ್ ಪಾರ್ಕಿನ ಗುಡ್ಡಕ್ಕೆ ಕರೆದುಕೊಂಡು ಹೋದೆ. ರೈಸ್ ಬೇಸಿಗೆಯ ಬಿಡುವಿನಲ್ಲಿ ತಮ್ಮ ತಂಡದ ರೋಜರ್ ಕ್ರೇಗ್ ಜೊತೆ ಓಡಿ ಹತ್ತುತ್ತಿದ್ದ, ಸುಮಾರು ಎರಡೂವರೆ ಮೈಲಿಯ ಏರುದಾರಿ ಇದೇ ಎಂದು ತೋರಿಸಿದೆ. ನಾವು ನಡೆದು ಹತ್ತುವುದಕ್ಕೇ ಎದುಸಿರು ಬಿಡುತ್ತಿದ್ದೆವು. ಅರ್ಧ ದಾರಿಯಲ್ಲಿ ಒಂದು ಬೆಂಚಿತ್ತು. ನಾನೂ ಅಮ್ಮನೂ ಕುಳಿತೆವು; ನೀನು ನಿಂತೇ ಇದ್ದೆ, ಹಿಂದಿನ ದಿನ ಕಚೇರಿಯಲ್ಲಿ ಎಲ್ಲರೂ ಹೊಗಳಿದ ನಿನ್ನ ಕೆಲಸವನ್ನು ನೆನೆದು, "ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅಪ್ಪ" ಎಂದೆ. ಆ ಮಾತು ನನ್ನ ಜೊತೆಯಲ್ಲೇ ವಿಮಾನ ಹತ್ತಿ ಬಂದಿತು. ಬಂದ ಮೇಲೆ ಆ ಮನುಷ್ಯನ ವಿಷಯ ಸಿಕ್ಕಿದ್ದನ್ನೆಲ್ಲ ಓದಿದೆ.

ರೈಸ್ ಹುಟ್ಟಿದ್ದು 1962ರಲ್ಲಿ, ಮಿಸಿಸಿಪಿ ರಾಜ್ಯದ ಸ್ಟಾರ್ಕ್‌ವಿಲ್‌ನಲ್ಲಿ. ಬೆಳೆದದ್ದು ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ, ಎಂಟು ಮಕ್ಕಳ ಮನೆಯಲ್ಲಿ. ತಂದೆ ಜೋ ನೇಥನ್ ಗಾರೆ ಕೆಲಸದವರು. ಬೇಸಿಗೆ ರಜೆಯಲ್ಲಿ ಗಂಡುಮಕ್ಕಳೆಲ್ಲ ತಂದೆಯ ಜೊತೆ ಕೆಲಸಕ್ಕೆ ಹೋಗಬೇಕು. ಜೆರ್ರಿ ಸಾರುವೆಯ ಮೇಲೆ ನಿಲ್ಲುತ್ತಿದ್ದ; ಕೆಳಗಿನಿಂದ ಅಣ್ಣತಮ್ಮಂದಿರು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಕೆಲವೊಮ್ಮೆ ನಾಲ್ಕನ್ನು ಒಟ್ಟಿಗೆ, ಮೇಲಕ್ಕೆ ಎಸೆಯುತ್ತಿದ್ದರು. ಗಾಳಿಯಲ್ಲಿ ಅವು ಒಂದೊಂದು ಕಡೆಗೆ ಚೆದುರಿದರೂ ಅವನು ಹಿಡಿಯಬೇಕಿತ್ತು. ನಮ್ಮ ಮನೆ ಕಟ್ಟುವಾಗ ಕೆಲಸದವರು ಹೀಗೆಯೇ ಇಟ್ಟಿಗೆ ದಾಟಿಸುವುದನ್ನು ನೀನು ಜಗಲಿಯ ಮೇಲೆ ಕೂತು ಗಂಟೆಗಟ್ಟಲೆ ನೋಡುತ್ತಿದ್ದೆ, ನೆನಪಿದೆಯೇ? ಆ ಕೆಲಸದಲ್ಲಿ ಒಂದು ಇಟ್ಟಿಗೆ ಕೈ ತಪ್ಪಿದರೆ ಕೆಳಗಿರುವವನ ತಲೆ ಒಡೆಯುತ್ತದೆ. ಹಾಗಿರುವಾಗ, ಹಿಡಿಯುವುದು ಆ ಹುಡುಗನಿಗೆ ಆಟವಾಗುವ ಮೊದಲು ಎಚ್ಚರವಾಗಿತ್ತು ಎಂದು ನನಗೆ ಅನಿಸುತ್ತದೆ.

ಅವನು ಫುಟ್‌ಬಾಲಿಗೆ ಬಂದ ಬಗೆ ಮಾತ್ರ ತಮಾಷೆಯದು. ಹೈಸ್ಕೂಲಿನಲ್ಲಿ ಒಂದು ದಿನ ತರಗತಿ ತಪ್ಪಿಸಿ ಅಲೆಯುತ್ತಿದ್ದವನ ಹಿಂದೆ ಉಪಪ್ರಾಂಶುಪಾಲರು ಬಂದು ನಿಂತರು, ಹುಡುಗ ಓಟ ಕಿತ್ತ. ಅವರು ಶಿಕ್ಷೆಯನ್ನಂತೂ ಕೊಟ್ಟರು. ಜೊತೆಗೆ ಈ ಓಟದ ಸುದ್ದಿಯನ್ನು ಕೋಚ್ ಕಿವಿಗೂ ಹಾಕಿದರು. ನಾನಾಗಿದ್ದರೆ ಶಿಕ್ಷೆಗಷ್ಟೇ ನಿಲ್ಲುತ್ತಿದ್ದೆನೋ ಏನೋ. ದೊಡ್ಡ ವಿಶ್ವವಿದ್ಯಾಲಯಗಳು ಕರೆಯಲಿಲ್ಲವಾದ್ದರಿಂದ ಅವರು ಸೇರಿದ್ದು ಇಟ್ಟಾ ಬೀನಾದ ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ, ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ ಸ್ಥಾಪನೆಯಾದ ಸಣ್ಣ ವಿಶ್ವವಿದ್ಯಾಲಯವನ್ನು. ಅಲ್ಲಿ ಕೋಚ್ ಆರ್ಚಿ ಕೂಲಿ ಚೆಂಡನ್ನು ಎಡೆಬಿಡದೆ ಎಸೆಸುತ್ತಿದ್ದರು. 1984ರಲ್ಲಿ ಕ್ವಾರ್ಟರ್‌ಬ್ಯಾಕ್ ವಿಲ್ಲಿ ಟಾಟನ್ ಎಸೆದ ಚೆಂಡುಗಳಿಂದ ರೈಸ್ 27 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿದರು. ಇಂದು ಅಲ್ಲಿನ ಮೈದಾನಕ್ಕೆ ಅವರಿಬ್ಬರ ಹೆಸರೂ ಇದೆ. ಆ ವರ್ಷ ಹ್ಯೂಸ್ಟನ್ನಿನ ಹೋಟೆಲಿನಲ್ಲಿ ತಂಗಿದ್ದ, ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿನೈನರ್ಸ್ ತಂಡದ ಕೋಚ್ ಬಿಲ್ ವಾಲ್ಷ್, ರಾತ್ರಿ ಟಿ.ವಿ.ಯಲ್ಲಿ ಈ ಹುಡುಗನ ಆಟದ ತುಣುಕುಗಳನ್ನು ಕಂಡು ಕಣ್ಣು ಕೀಲಿಸಿದರು.

1985ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ರೈಸ್ ವಾಲ್ಷ್ ಅವರ ತಂಡಕ್ಕೆ ಆಯ್ಕೆಯಾದದ್ದು 16ನೆಯವರಾಗಿ. ಅವರಿಗಿಂತ ಮೊದಲೇ ಅಲ್ ಟೂನ್, ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರ್‌ಗಳನ್ನು ಬೇರೆ ತಂಡಗಳು ಆರಿಸಿಕೊಂಡಿದ್ದವು. 40 ಗಜದ ಓಟವನ್ನು ಗಡಿಯಾರ ಹಿಡಿದು ಅಳೆಯುವವರಿಗೆ ರೈಸ್ ಅಂಥ ವೇಗದವರಾಗಿ ಕಾಣಲಿಲ್ಲ. ಅಳತೆಯೇನೂ ತಪ್ಪಾಗಿರಲಿಲ್ಲ, ಆದರೆ ಅದು ಅಳೆದದ್ದು ನೇರ ಓಟವನ್ನು. ರೂಟ್ ಎಂಬುದು ಬೇರೆಯೇ ವಿದ್ಯೆ: ಎದುರಾಳಿಗೆ ಎಡಕ್ಕೆ ಹೋಗುವನೆಂಬ ನಂಬಿಕೆ ಹುಟ್ಟಿಸಿ, ವೇಗ ಕುಗ್ಗಿಸದೆ, ಒಂದೇ ಹೆಜ್ಜೆಯಲ್ಲಿ ಬಲಕ್ಕೆ ಮುರಿಯಬೇಕು, ಆ ಹೆಜ್ಜೆಯನ್ನು ಮೊದಲ ಸಲವೂ ಐವತ್ತನೆಯ ಸಲವೂ ಒಂದೇ ತೆರನಾಗಿ ಇಡಬೇಕು, ಕಾಲು ಸೋತ ನಾಲ್ಕನೆಯ ಕ್ವಾರ್ಟರಿನಲ್ಲಿಯೂ ಅದು ಕದಲಬಾರದು. ಆ ಗುಡ್ಡ ಹತ್ತುತ್ತಿದ್ದುದು ಅದಕ್ಕಾಗಿ. ಅಭ್ಯಾಸದಲ್ಲಿ ಹತ್ತು ಗಜದ ಚೆಂಡು ಹಿಡಿದರೂ ಗೋಲ್ ಗೆರೆಯವರೆಗೆ ಓಡಿಯೇ ಹಿಂತಿರುಗುತ್ತಿದ್ದರಂತೆ.

ಮೊದಲ ವರ್ಷ ಅವರ ಕೈಯಿಂದ ಚೆಂಡು ಮತ್ತೆ ಮತ್ತೆ ಜಾರಿತು. ಸ್ವಂತ ಊರಿನ ಪ್ರೇಕ್ಷಕರೇ ಕೂಗಿ ಮೂದಲಿಸಿದರು. ಡಿಸೆಂಬರಿನಲ್ಲಿ ರ್‍ಯಾಮ್ಸ್ ತಂಡದೆದುರು ಒಂದೇ ಪಂದ್ಯದಲ್ಲಿ 241 ಗಜ ಗಳಿಸಿದ ಮೇಲೆ ಆ ಕೂಗು ಅಡಗಿತು. ಆದರೆ 1987ರ ಜನವರಿಯಲ್ಲಿ, ಜೈಂಟ್ಸ್ ಎದುರಿನ ನಾಕೌಟ್ ಹಂತದ ಪ್ಲೇಆಫ್‌ನಲ್ಲಿ, ಅವರು ಚೆಂಡು ಹಿಡಿದು ಟಚ್‌ಡೌನ್ ಕಡೆಗೆ ಒಂಟಿಯಾಗಿ ಓಡುತ್ತಿದ್ದಾಗ ಯಾರೂ ಮುಟ್ಟದೆಯೇ ಚೆಂಡು ಕೈಬಿಟ್ಟಿತು. ತಂಡ 49–3ರಿಂದ ಸೋತಿತು. ಅದರ ಮುಂದಿನ ಋತುವಿನಲ್ಲಿ ಆಟಗಾರರ ಮುಷ್ಕರದಿಂದಾಗಿ ಅವರಿಗೆ ಸಿಕ್ಕಿದ್ದು 12 ಪಂದ್ಯ ಮಾತ್ರ. ಅಷ್ಟರಲ್ಲೇ 22 ಟಚ್‌ಡೌನ್ ಹಿಡಿದರು. 2007ರಲ್ಲಿ ರ್‍ಯಾಂಡಿ ಮಾಸ್ 23 ಹಿಡಿದು ಆ ದಾಖಲೆ ಮುರಿದರು. ಆದರೆ ಅವರು ಆಡಿದ್ದು 16 ಪಂದ್ಯ.

1989ರ ಜನವರಿಯ ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಕಥೆಯನ್ನು ನೀನೇ ನನಗೆ ಹೇಳಿದ್ದೆ. ಎದುರು ಸಿನ್ಸಿನಾಟಿ, ಅಂದರೆ ರೈಸ್ ಬದಲು ಎಡ್ಡಿ ಬ್ರೌನ್‌ರನ್ನು ಆರಿಸಿದ ತಂಡ. ಕಾಲ್ಗಿಣ್ಣು ನೋಯುತ್ತಿದ್ದ ರೈಸ್ 11 ಚೆಂಡು ಹಿಡಿದು 215 ಗಜ ಗಳಿಸಿದರು. ಕೊನೆಯ ಮೂರು ನಿಮಿಷದಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ತಂಡವನ್ನು 92 ಗಜ ದಾಟಿಸಿದರು. ಗೆಲುವಿನ ಚೆಂಡು ಮಾತ್ರ ಹೋದದ್ದು ತಂಡದ ಇನ್ನೊಬ್ಬ ರಿಸೀವರ್ ಜಾನ್ ಟೇಲರ್ ಕೈಗೆ. ಇಡೀ ಪಂದ್ಯದಲ್ಲಿ ಟೇಲರ್ ಹಿಡಿದದ್ದು ಅದೊಂದೇ. ಎದುರಾಳಿಗಳ ಕಣ್ಣು ರೈಸ್ ಮೇಲಿದ್ದುದರಿಂದ ಟೇಲರ್‌ಗೆ ಜಾಗ ಸಿಕ್ಕಿತು. ರಿಸೀವರ್‌ನ ಬದುಕಿನ ಬಹುಪಾಲು ಹೀಗೆಯೇ, ಬಾರದ ಚೆಂಡಿಗಾಗಿ ಪೂರ್ತಿ ಓಡುವುದರಲ್ಲಿ ಕಳೆಯುತ್ತದೆ. ಅಂಕಪಟ್ಟಿಯಲ್ಲಿ ಆ ಓಟಕ್ಕೆ ಕಾಲಂ ಇಲ್ಲ.

1997ರ ಮೊದಲ ಪಂದ್ಯದಲ್ಲಿಯೇ ಅವರ ಮಂಡಿ ಹರಿಯಿತು. ವೈದ್ಯರ ಲೆಕ್ಕಕ್ಕಿಂತ ಬಹಳ ಮೊದಲೇ, ಡಿಸೆಂಬರಿನಲ್ಲಿ, ಅವರು ಮೈದಾನಕ್ಕಿಳಿದರು. ಟಚ್‌ಡೌನ್ ಒಂದನ್ನು ಹಿಡಿದು ಬೀಳುವಾಗ ಅದೇ ಕಾಲಿನ ಮಂಡಿಚಿಪ್ಪು ಒಡೆಯಿತು. ಇದನ್ನು ಛಲವೆಂದು ಹೊಗಳಿ ಬರೆದದ್ದನ್ನು ಓದುವಾಗ ನನಗೆ ಹೊಗಳುವ ಮನಸ್ಸು ಬರಲಿಲ್ಲ. ಯಾರು ಓಡಿಸುತ್ತಿದ್ದರು ಇವರನ್ನು? ಮರುವರ್ಷ ಮತ್ತೆ 16 ಪಂದ್ಯ ಆಡಿದರು. ಓಕ್ಲೆಂಡ್ ರೈಡರ್ಸ್ ಸೇರಿ, ನಲವತ್ತು ತುಂಬಿದ 2002ರಲ್ಲೂ ಸಾವಿರದ ಇನ್ನೂರು ಗಜ ದಾಟಿದರು. 2005ರಲ್ಲಿ ನಿಲ್ಲಿಸಿದಾಗ 1,549 ಹಿಡಿತ, 22,895 ಗಜ, ಒಟ್ಟು 208 ಟಚ್‌ಡೌನ್. ಗಜಗಳಲ್ಲಿ ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಸ್‌ಜೆರಾಲ್ಡ್ ಐದು ಸಾವಿರಕ್ಕೂ ಹೆಚ್ಚು ಗಜ ಹಿಂದಿದ್ದಾರೆ.

ಈ ಲೆಕ್ಕವನ್ನೆಲ್ಲ ಬೆರಗಿನಿಂದ ಓದಿದವನು, 2010ರ ಆಗಸ್ಟಿನಲ್ಲಿ ಹಾಲ್ ಆಫ್ ಫೇಮ್ ಗೌರವ ಸಂದಾಗ ಕ್ಯಾಂಟನ್ನಿನಲ್ಲಿ ಅವರು ಮಾಡಿದ ಭಾಷಣಕ್ಕೆ ಬಂದು ನಿಂತುಬಿಟ್ಟೆ. ತನ್ನನ್ನು ಬದುಕಿನುದ್ದಕ್ಕೂ ಓಡಿಸಿದ್ದು ಸೋಲಿನ ಭಯ ಎಂದು ಅವರು ಅಲ್ಲಿ ಹೇಳಿದರು. ಹತ್ತು ಹನ್ನೆರಡು ಚೆಂಡು ಹಿಡಿದ ದಿನವೂ ಮನಸ್ಸು ಕೈ ಜಾರಿದ ಒಂದರಲ್ಲೇ ಸಿಕ್ಕಿಕೊಂಡಿರುತ್ತಿತ್ತಂತೆ; ಆಡಿದ್ದನ್ನು ಆನಂದಿಸಲು ಒಮ್ಮೆಯೂ ಬಿಡುವು ಮಾಡಿಕೊಳ್ಳಲಿಲ್ಲ ಎಂಬುದೊಂದೇ ಪಶ್ಚಾತ್ತಾಪವಂತೆ.

ಪುಟ್ಟಿ, ಕಳೆದ ವಾರ ಅಟ್ಟದ ಟ್ರಂಕು ಖಾಲಿ ಮಾಡುವಾಗ ನಿನ್ನ ಏಳನೆಯ ತರಗತಿಯ ಗಣಿತದ ಉತ್ತರಪತ್ರಿಕೆ ಸಿಕ್ಕಿತು. ನೂರಕ್ಕೆ ತೊಂಬತ್ತೆಂಟು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, "ಇನ್ನೆರಡು ಎಲ್ಲಿ?" ಎಂದಿದೆ. ಆ ದಿನ ಅದನ್ನು ತಮಾಷೆಗೆ ಬರೆದೆನೋ ಗಂಭೀರವಾಗಿ ಬರೆದೆನೋ ನನಗೀಗ ನೆನಪಿಲ್ಲ. ನಿನಗೆ ನೆನಪಿರಬಹುದೆಂದು ಭಯವಾಗುತ್ತದೆ. ಜೋ ನೇಥನ್ ಇಟ್ಟಿಗೆ ಹಿಡಿಯಲು ಹೇಳಿದ್ದು ಹೊಟ್ಟೆಪಾಡಿಗೆ. ನನಗೆ ಅಂಥ ಕಾರಣವೂ ಇರಲಿಲ್ಲ.

ರೈಸ್ ಅವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. ಕೈಗವಸಿಗೆ ಅಂಟು ಹಚ್ಚಿಕೊಳ್ಳುತ್ತಿದ್ದೆನೆಂದು 2015ರಲ್ಲಿ ಅವರೇ ಒಪ್ಪಿಕೊಂಡರು. ಆ ಅಂಟನ್ನು ಲೀಗ್ 1981ರಲ್ಲಿಯೇ ನಿಷೇಧಿಸಿತ್ತು. ಇಷ್ಟು ಹಿಡಿದವರಿಗೂ ಜಾರೀತೆಂಬ ಅಂಜಿಕೆ ಬಿಟ್ಟಿರಲಿಲ್ಲ ಎಂದು ಓದಿ ನಗು ಬಂದಿತು, ಆಮೇಲೆ ಬರಲಿಲ್ಲ. ಈಗ ಅವರ ಮಗ ಬ್ರೆಂಡನ್ ಕೂಡ ರಿಸೀವರ್. 2024ರ ಡ್ರಾಫ್ಟಿನ ಏಳನೆಯ ಸುತ್ತಿನಲ್ಲಿ ಚಾರ್ಜರ್ಸ್ ತಂಡ ಆತನನ್ನು ಆರಿಸಿಕೊಂಡಿತು. ಆ ಮನೆಯಲ್ಲಿ ಸೋತ ದಿನ ಊಟದ ಹೊತ್ತಿಗೆ ಅಪ್ಪ ಮಗನ ನಡುವೆ ಏನು ಮಾತಾಗುತ್ತದೆಯೋ ಎಂದು ತಿಳಿಯುವ ಕುತೂಹಲ ನನಗಿದೆ.

ಅಮ್ಮ ಚಟ್ನಿಪುಡಿಯನ್ನೂ ಹಪ್ಪಳವನ್ನೂ ಕಟ್ಟಿಟ್ಟಿದ್ದಾಳೆ, ಮಾರ್ಚಿನಲ್ಲಿ ಬರುವಾಗ ತರುತ್ತೇವೆ. ಆ ಗುಡ್ಡದ ಇಳಿಜಾರಿನಲ್ಲಿ ವಸಂತಕ್ಕೆ ಕಾಡುಹೂವು ತುಂಬಿರುತ್ತದೆ ಎಂದು ನೀನು ಹೇಳಿದ್ದೆ. ಅರ್ಧ ದಾರಿಯ ಬೆಂಚಿನಲ್ಲಿ ಮೂವರು ಕುಳಿತುಕೊಳ್ಳುವಷ್ಟು ಜಾಗವಿದೆ. ಕಳೆದ ಸಲವೇ ನೋಡಿಕೊಂಡಿದ್ದೇನೆ.

ಇಂತಿ,
ನಿನ್ನ ಅಪ್ಪ