ಮೊದಲು ನೀನು ಬರಿ, ಆಮೇಲೆ ಮೇಷ್ಟರ ಮಾತು ಕೇಳು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಿ.ಕಾಂ. ಆದ ಮೇಲೆ ತತ್ವಶಾಸ್ತ್ರ ಓದಬೇಕು ಅನ್ನಿಸಿದೆ ಎಂದು ಬರೆದಿದ್ದೆ. ಓದಿ ತುಂಬಾ ಖುಷಿಯಾಯಿತು. ಆದರೆ ಒಂದೇ ವಾರದಲ್ಲಿ ಐದು ಆನ್‌ಲೈನ್ ಕೋರ್ಸಿಗೆ ಸೇರಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ನಾಲ್ಕನ್ನು ಬಿಡು ಮಗಳೇ.

ಸದ್ಯಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಷ್ಟರು ಮೈಕೆಲ್ ಸ್ಯಾಂಡೆಲ್ ನ್ಯಾಯದ ಬಗ್ಗೆ ಮಾಡಿದ 'ಜಸ್ಟಿಸ್' ಪಾಠ ಒಂದೇ ಸಾಕು. ಯೂಟ್ಯೂಬಿನಲ್ಲಿ 12 ಕಂತೂ ಪುಕ್ಕಟೆ ಸಿಗುತ್ತವೆ. ನಾನು ಮೊದಲ ಸಲ ಅದನ್ನು ಧಾರಾವಾಹಿಯ ಹಾಗೆ ಸುಮ್ನೆ ನೋಡಿದೆ. ತಲೆಯಲ್ಲಿ ಏನೂ ಉಳಿಯಲಿಲ್ಲ. ಎರಡನೇ ಸಲ ನೋಟ್‌ಬುಕ್ ಹಿಡಿದು ಕೂತೆ.

ಶುರುವಿನಲ್ಲೇ 1884ರ ಒಂದು ಕೇಸು ಬರುತ್ತದೆ. ಮಿನ್ಯೊನೆಟ್ ಎಂಬ ಇಂಗ್ಲಿಷ್ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ವರು ಸಣ್ಣ ದೋಣಿ ಹತ್ತಿದರು. ಇದ್ದದ್ದು ಎರಡು ಡಬ್ಬಿ ಟರ್ನಿಪ್ ಗಡ್ಡೆ, ಕುಡಿಯುವ ನೀರಿಲ್ಲ. ಕೆಲಸದ ಹುಡುಗ ರಿಚರ್ಡ್ ಪಾರ್ಕರ್‌ಗೆ 17 ವರ್ಷ. ಸಮುದ್ರದ ನೀರು ಕುಡಿದು ಕಾಯಿಲೆ ಬಿದ್ದ. ಕ್ಯಾಪ್ಟನ್ ಡಡ್ಲಿ ಮತ್ತು ಅವನ ಸಹಾಯಕ ಅಧಿಕಾರಿ ಸ್ಟೀಫನ್ಸ್ ಮಾತಾಡಿಕೊಂಡು ಅವನನ್ನು ಕೊಂದರು. ಉಳಿದ ಮೂವರೂ ಅವನನ್ನು ತಿಂದು ಜೀವ ಉಳಿಸಿಕೊಂಡರು.

ಇಲ್ಲಿ ವಿಡಿಯೊ ನಿಲ್ಲಿಸು. ಅವರು ಮಾಡಿದ್ದು ಸರಿಯಾ ತಪ್ಪಾ ಅಂತ ಅರ್ಧ ಪುಟ ಬರಿ. ನಾನು 'ತಪ್ಪು' ಅಂತ ಬರೆದೆ. ಯಾಕೆ ಅಂತ ಬರೆಯಹೊರಟರೆ ಕೈ ಓಡಲಿಲ್ಲ. ಕೊಂದವರಿಬ್ಬರಿಗೂ ಹೆಂಡತಿ ಮಕ್ಕಳಿದ್ದರು, ಹುಡುಗ ಅನಾಥ. ಆ ಲೆಕ್ಕ ನನ್ನ ಮನಸ್ಸಿಗೂ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು. ಚೀಟಿ ಎತ್ತಿದ್ದರೆ ಸರಿಯಾಗುತ್ತಿತ್ತಾ? ಹುಡುಗನೇ ಒಪ್ಪಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಕೋರ್ಟು ಮರಣದಂಡನೆ ಕೊಟ್ಟಿತು, ಆಮೇಲೆ ಅದು ಆರು ತಿಂಗಳ ಸೆರೆಗೆ ಇಳಿಯಿತು. ಆ ಇಳಿಸಿದ್ದು ಸರಿಯಾ ಅನ್ನುವುದನ್ನೂ ಬರಿ.

ಇಷ್ಟಾದ ಮೇಲೆ, ಹೆಚ್ಚು ಜನರಿಗೆ ಹೆಚ್ಚು ಸುಖ ಕೊಡುವುದೇ ಸರಿ ಅಂದ ಇಂಗ್ಲಿಷ್ ತತ್ವಜ್ಞಾನಿ ಬೆಂಥಾಮ್ ಪಾಠದಲ್ಲಿ ಬಂದಾಗ ಹೊಸಬನಂತೆ ಕಾಣಲಿಲ್ಲ. ನನ್ನೊಳಗೆ ಬಂದ ಲೆಕ್ಕವನ್ನೇ ಅವನು ಸಿದ್ಧಾಂತ ಮಾಡಿದ್ದ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಅಂದ ಜರ್ಮನ್ ತತ್ವಜ್ಞಾನಿ ಕಾಂಟ್ ಕಷ್ಟ. ಎರಡು ಸಲ ಕೇಳು, ಗಾಬರಿಯಾಗಬೇಡ.

ನೋಟ್ಸ್ ಕನ್ನಡದಲ್ಲೇ ಇರಲಿ. 'ರೈಟ್ಸ್' ಅಂತ ಬರೆದರೆ ಅರ್ಥವಾಯಿತು ಅನ್ನಿಸಿಬಿಡುತ್ತದೆ. 'ಹಕ್ಕು' ಅಂತ ಬರೆದಾಗ ಯಾರದು, ಕೊಟ್ಟವರು ಯಾರು ಎಂದು ಕೇಳಿಕೊಳ್ಳುತ್ತೇವೆ. ನನಗಂತೂ ಹಾಗಾಯಿತು.

ಸರ್ಟಿಫಿಕೇಟಿಗೆ ಈಗಲೇ ದುಡ್ಡು ಹಾಕಬೇಡ. ಇದು ಮುಗಿದ ಮೇಲೆ ಬೇಕಿದ್ದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮೇಷ್ಟರ ಪಾಠಗಳಿವೆ. ಸೇರಲು ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು.

ಭಾನುವಾರ ಸಂಜೆ ಫೋನ್ ಮಾಡು. ದೋಣಿಯ ಬಗ್ಗೆ ಬರೆದದ್ದನ್ನು ಓದಿ ಹೇಳು. ನನ್ನ ಪುಟದಲ್ಲಿ ಹೊಡೆದುಹಾಕಿದ ಎರಡು ಸಾಲುಗಳಿವೆ, ಅವನ್ನೂ ನಿನಗೆ ಓದುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ