ಕಂಪ್ಯೂಟರ್ ಬದಲಿಸುವ ಮೊದಲು ಹಳೆಯ ಕನ್ನಡ ಕಡತಗಳ ಕಡೆ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಸಹಕಾರ ಸಂಘ, ವಕೀಲರ ಕಚೇರಿ, ಮುದ್ರಣಾಲಯ ನಡೆಸುವ ಹಲವರು ಹಳೆಯ ಕಂಪ್ಯೂಟರ್ ಬದಲಿಸುವ ಯೋಚನೆಯಲ್ಲಿರಬಹುದು. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆಮೇಲೆ ಹುಡುಕುವ ಜಾಗದಲ್ಲಿ ‘ಅಡಿಕೆ’ ಎಂದು ಹೊಡೆದರೆ ಹಳೆಯ ನಡಾವಳಿ, ಠರಾವು, ಕರಪತ್ರ ಒಂದೂ ಬರುವುದಿಲ್ಲ. ಕಡತ ಎಲ್ಲಿಗೂ ಹೋಗಿರುವುದಿಲ್ಲ, ಅದರೊಳಗಿನ ಮಾತು ಕಂಪ್ಯೂಟರಿನ ಇಂಡೆಕ್ಸಿಗೆ, ಅಂದರೆ ಹುಡುಕಾಟಕ್ಕೆಂದು ಅದು ಮಾಡಿಟ್ಟುಕೊಳ್ಳುವ ಪದಗಳ ಪಟ್ಟಿಗೆ, ಸೇರಿರುವುದಿಲ್ಲ, ಅಷ್ಟೇ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಹೆಚ್ಚಿನವರು ಮೊದಲನೆಯದನ್ನು ಸರಿಮಾಡಿ, ಎರಡನೆಯದು ಗೊತ್ತಾಗದೆ ಕೈಬಿಡುತ್ತಾರೆ.

ಮೊದಲನೆಯ ಕಾರಣ ಕಡತದ ಬಗೆ. ಒಂದೊಂದು ಬಗೆಯ ಕಡತದಿಂದಲೂ ಪಠ್ಯ ಹೊರತೆಗೆದು ಇಂಡೆಕ್ಸಿಗೆ ಕೊಡಲು ವಿಂಡೋಸಿಗೆ ಐಫಿಲ್ಟರ್ ಎಂಬ ಸಣ್ಣ ಭಾಗ ಬೇಕು. ಅದು ಇದೆಯೋ ಇಲ್ಲವೋ ನೋಡಲು ಕಂಟ್ರೋಲ್ ಪ್ಯಾನಲ್‌ನಲ್ಲಿ ಇಂಡೆಕ್ಸಿಂಗ್ ಆಪ್ಷನ್ಸ್, ಅದರೊಳಗೆ ಅಡ್ವಾನ್ಸ್ಡ್, ನಂತರ ಫೈಲ್ ಟೈಪ್ಸ್ ತೆರೆಯಿರಿ. ಪ್ರತಿ ಎಕ್ಸ್‌ಟೆನ್ಷನ್ (ಕಡತದ ಬಗೆ ಹೇಳುವ, ಹೆಸರಿನ ಕೊನೆಯ ತುಂಡು) ಎದುರು ಫಿಲ್ಟರಿನ ವಿವರ ಇರುತ್ತದೆ. ಫಿಲ್ಟರ್ ಸಿಕ್ಕಿಲ್ಲ ಎಂದೋ ಬರೀ ಪ್ರಾಪರ್ಟೀಸ್ ಎಂದೋ ಇದ್ದರೆ ಆ ಕಡತದ ಹೆಸರು, ದಿನಾಂಕ ಮಾತ್ರ ಹುಡುಕಾಟಕ್ಕೆ ಸಿಗುತ್ತವೆ. ಅಲ್ಲೇ ಕೆಳಗೆ ಕಡತದ ಒಳಗಿನದನ್ನೂ ಸೇರಿಸು ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಸಾಕು ಎಂದುಕೊಳ್ಳಬೇಡಿ. ಫಿಲ್ಟರ್ ಇಲ್ಲದ ಬಗೆಗೆ ಆಗ ಸಾದಾ ಪಠ್ಯದ ಫಿಲ್ಟರ್ ಹತ್ತಿಕೊಳ್ಳುತ್ತದೆ. ಲಾಗ್, ಸಿಎಸ್‌ವಿಯಂಥ ಬರೀ ಪಠ್ಯದ ಕಡತಕ್ಕೆ ಅದು ಸರಿ. ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನ ಕಡತಕ್ಕೆ ಹಚ್ಚಿದರೆ ಇಂಡೆಕ್ಸಿನ ತುಂಬ ಕಸ ಸೇರುತ್ತದೆ. ಹೊರಗಿನಿಂದ ಫಿಲ್ಟರ್ ತಂದು ಹಾಕುವವರು 64 ಬಿಟ್‌ನದೇ ತರಬೇಕು. 64 ಬಿಟ್ ವಿಂಡೋಸಿನ ಹುಡುಕಾಟ 32 ಬಿಟ್ ಫಿಲ್ಟರನ್ನು ಮುಟ್ಟುವುದೇ ಇಲ್ಲ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ. ಹಾಗೆಯೇ ಡಿ ಡ್ರೈವ್ ಮೊದಲೇ ಇಂಡೆಕ್ಸಿನಲ್ಲಿ ಇರುವುದಿಲ್ಲ, ಮಾಡಿಫೈ ಒತ್ತಿ ಸೇರಿಸಬೇಕು. ಎಲ್ಲ ಬದಲಾವಣೆ ಆದಮೇಲೆ ಇಂಡೆಕ್ಸನ್ನು ಹೊಸದಾಗಿ ಕಟ್ಟಲು ರೀಬಿಲ್ಡ್ ಕೊಡಿ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ನಡುವೆ ಕರೆಂಟು ಹೋಗುವುದು ಇದ್ದದ್ದೇ, ಆದ್ದರಿಂದ ಯುಪಿಎಸ್ ಇಲ್ಲದೆ ಕೂರಬೇಡಿ.

ಎರಡನೆಯ ಕಾರಣ ಕನ್ನಡಕ್ಕೆ ಸಂಬಂಧಿಸಿದ್ದು, ದೊಡ್ಡ ತೊಡಕೂ ಅದೇ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಅಕ್ಷರವೇ ಇಲ್ಲ. ‘ಅಡಿಕೆ’ ಎಂಬ ಪದ ಅಲ್ಲಿ ಇಂಗ್ಲಿಷಿನ ದೊಡ್ಡ ಸಿ, ಚಿಕ್ಕ ಆರ್, ದೊಡ್ಡ ಪಿ, ಕೊನೆಗೆ ತಲೆಯ ಮೇಲೆ ಓರೆಗೆರೆ ಇರುವ ಇ ಎಂದು ಕೂತಿದೆ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿ ತೋರಿಸುತ್ತದೆ. ನಾವು ಇಂದು ಹುಡುಕುವುದು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡಿನಲ್ಲಿ, ಹಾಗಾಗಿ ಎರಡೂ ಎಂದಿಗೂ ಕೂಡುವುದಿಲ್ಲ. ಆ ಇಂಗ್ಲಿಷ್ ಅಕ್ಷರಗಳನ್ನೇ ಹೊಡೆದು ಹುಡುಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ನುಡಿಯಲ್ಲಿ ‘ನ’ ಬರೆಯಲು ಪೌಂಡ್ ಗುರುತು ಬಳಕೆಯಾಗಿದೆ. ಹುಡುಕುವ ತಂತ್ರಾಂಶ ಅದನ್ನು ಹಣದ ಚಿಹ್ನೆ ಎಂದೇ ಓದುವುದರಿಂದ ಪದ ಅಲ್ಲೇ ತುಂಡಾಗುತ್ತದೆ. ಅಕ್ಷರದ ಮೇಲಿನ ಓರೆಗೆರೆಗಳನ್ನು ಅಳಿಸಿ ಇಂಡೆಕ್ಸ್ ಮಾಡುವ ತಂತ್ರಾಂಶದಲ್ಲಿ ಇನ್ನೂ ಕಷ್ಟ. ‘ಕ’ ಮತ್ತು ‘ಕಾ’ ನಡುವೆ ಇರುವ ವ್ಯತ್ಯಾಸ ಅಲ್ಲಿ ಆ ಗೆರೆ ಯಾವ ಕಡೆ ವಾಲಿದೆ ಎಂಬುದಷ್ಟೇ, ಹಾಗಾಗಿ ‘ಕಡು’, ‘ಕಾಡು’ ಎರಡೂ ಒಂದೇ ಆಗಿಬಿಡುತ್ತವೆ.

ಯಾವ ಕಡತಕ್ಕೆ ಯಾವ ರೋಗ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಪಿಡಿಎಫ್ ತೆರೆದು ಒಂದು ಸಾಲನ್ನು ಮೌಸಿನಿಂದ ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್. ಇಂಗ್ಲಿಷಿನ ವಿಚಿತ್ರ ಅಕ್ಷರ ಬಂದರೆ ನುಡಿ ಅಥವಾ ಬೇರೊಂದು ಹಳೆಯ ಫಾಂಟು. ಸಾಲನ್ನು ಆರಿಸಲೇ ಆಗದಿದ್ದರೆ ಅದು ಬರೀ ಚಿತ್ರ, ಚಿತ್ರದೊಳಗಿನ ಅಕ್ಷರ ಓದಿ ಪಠ್ಯ ಮಾಡುವ ಓಸಿಆರ್ ಬೇಕು. ಉಚಿತವಾಗಿ ಸಿಗುವ ಟೆಸೆರಾಕ್ಟ್ ಕನ್ನಡ ಓದುತ್ತದೆ. ಓಸಿಆರ್‌ಮೈಪಿಡಿಎಫ್ ಎಂಬ ತಂತ್ರಾಂಶ ಅದನ್ನೇ ಬಳಸಿಕೊಂಡು ಚಿತ್ರದ ಹಿಂದೆ ಪಠ್ಯದ ಪದರ ಕೂರಿಸುತ್ತದೆ. ಭಾಷೆ ಕೇಳುವಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕೊಡಿ. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಇದ್ದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಅಚ್ಚಾದ ಪುಟ ಚೆನ್ನಾಗಿ ಬರುತ್ತದೆ. ಕೈಬರಹದ ನಡಾವಳಿ ಪುಸ್ತಕವನ್ನು ಇದರಿಂದ ಓದಿಸಲಾಗದು. ಅದಕ್ಕೆ ದಿನಾಂಕ, ವಿಷಯ, ಠರಾವಿನ ಸಂಖ್ಯೆಯನ್ನು ಕೈಯಿಂದಲೇ ಟೈಪ್ ಮಾಡಿಡುವುದು ಸೂಕ್ತ.

ಉಳಿದವಕ್ಕೆಲ್ಲ ನಾನು ಹೇಳುವ ದಾರಿ ಒಂದೇ. ಫಿಲ್ಟರ್ ಹುಡುಕುತ್ತ ಅಲೆಯುವುದಕ್ಕಿಂತ ಪ್ರತಿ ಮೂಲ ಕಡತದ ಪಕ್ಕದಲ್ಲಿ, ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನ ಒಂದು ಯೂನಿಕೋಡ್ ಪಠ್ಯ ಕಡತ ಇಡಿ. ಹುಡುಕಿದಾಗ ಪಠ್ಯ ಕಡತ ಸಿಗುತ್ತದೆ, ಪಕ್ಕದಲ್ಲೇ ಮೂಲ ಇರುತ್ತದೆ. ಮುಂದೆ ಯಾವ ಕಂಪ್ಯೂಟರ್ ಬಂದರೂ, ಯಾವ ಹುಡುಕಾಟದ ತಂತ್ರಾಂಶ ಬಂದರೂ ಇದು ನಡೆಯುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ವಿತ್ ಬಿಒಎಂ ಆರಿಸಿಕೊಳ್ಳುವುದು ಕ್ಷೇಮ. ಆಗ ವಿಂಡೋಸ್ ಅದನ್ನು ಹಳೆಯ ಸಂಕೇತದ ಪಠ್ಯ ಎಂದು ತಪ್ಪು ತಿಳಿಯುವುದಿಲ್ಲ.

ಪಠ್ಯ ತೆಗೆಯುವುದು ಹೇಗೆ? ಪೇಜ್‌ಮೇಕರ್ ಇನ್ನೂ ಓಡುತ್ತಿದ್ದರೆ ಕರ್ಸರನ್ನು ಪಠ್ಯದೊಳಗಿಟ್ಟು ಎಕ್ಸ್‌ಪೋರ್ಟ್ ಮಾಡಿ. ಒಂದು ಸಲಕ್ಕೆ ಒಂದು ಸ್ಟೋರಿ, ಅಂದರೆ ಒಟ್ಟಿಗೆ ಹರಿಯುವ ಒಂದು ಪಠ್ಯ, ಮಾತ್ರ ಹೊರಬರುತ್ತದೆ, ಶೀರ್ಷಿಕೆ ಬೇರೆ ಪೆಟ್ಟಿಗೆಯಲ್ಲಿದ್ದರೆ ಅದನ್ನೂ ಪ್ರತ್ಯೇಕವಾಗಿ ತೆಗೆಯಬೇಕು. ಪೇಜ್‌ಮೇಕರ್ ಇಲ್ಲದವರು ಲಿಬ್ರೆಆಫೀಸ್ ಹಾಕಿಕೊಳ್ಳಲಿ. 2015ರಲ್ಲಿ ಬಂದ 4.4ನೇ ಆವೃತ್ತಿಯಿಂದ ಅದು ಪೇಜ್‌ಮೇಕರ್ ಕಡತ ತೆರೆಯುತ್ತದೆ. ವಿನ್ಯಾಸ ಅಲ್ಲಲ್ಲಿ ಕೆಡಬಹುದು, ನಮಗೆ ಬೇಕಾದದ್ದು ಪಠ್ಯ. ‘ಬರಹ’ ಎಂಬ ಕನ್ನಡ ತಂತ್ರಾಂಶದ ಕಡತಗಳನ್ನು ಬರಹದಲ್ಲೇ ತೆರೆದು ಯೂನಿಕೋಡಿಗೆ ಎಕ್ಸ್‌ಪೋರ್ಟ್ ಮಾಡುವುದು ಒಳ್ಳೆಯದು.

ನುಡಿ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಎರಡು ಕಡೆ ಎಚ್ಚರ ಬೇಕು. ಕನ್ನಡದ ನಡುವೆ ಇಂಗ್ಲಿಷ್ ಇದ್ದರೆ ಪರಿವರ್ತಕ ಅದನ್ನೂ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಔಷಧಿಯ ಹೆಸರು, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಎಲ್ಲ ಹೀಗೆಯೇ ಹಾಳಾಗುತ್ತವೆ. ವರ್ಡ್ ಕಡತವಾದರೆ ಫಾಂಟ್ ನೋಡಿ, ನುಡಿಯಲ್ಲಿರುವ ಭಾಗವನ್ನಷ್ಟೇ ಪರಿವರ್ತಿಸಬೇಕು. ಎರಡನೆಯದು ಕಣ್ಣಿಗೆ ಕಾಣದ ತೊಂದರೆ. ‘ಗೊರಬಲು’ ಪದದ ‘ಗೊ’ ನುಡಿಯಲ್ಲಿ ಎತ್ವ ಬೇರೆ, ಅದರ ಮುಂದಿನ ದೀರ್ಘದ ಕೊಂಬು ಬೇರೆ ಎಂದು ಎರಡು ತುಂಡಾಗಿ ಇರುತ್ತದೆ. ಅರೆಬರೆ ಪರಿವರ್ತಕಗಳು ಅದನ್ನು ಹಾಗೆಯೇ ಬಿಡುತ್ತವೆ. ನಾವು ಕೀಲಿಮಣೆಯಲ್ಲಿ ಹೊಡೆಯುವ ಒತ್ವ ಒಂದೇ ಸಂಕೇತ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕಾಟದಲ್ಲಿ ಬೇರೆ ಬೇರೆ ಪದಗಳಾಗಬಹುದು. ಪರಿವರ್ತನೆಯ ಕೊನೆಯಲ್ಲಿ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡು ತುಂಡು ಸೇರಿ ಒಂದಾಗುತ್ತವೆ. ಏನೇ ಮಾಡಿದರೂ ಮೂಲ ಕಡತವನ್ನು ಅಳಿಸಬೇಡಿ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ರೀಕಾಲ್ ಎಂಬ ಹುಡುಕಾಟದ ತಂತ್ರಾಂಶ ಇದೆ. ಗುರುತು ಸಿಗದ ಬಗೆಯ ಕಡತವಿದ್ದರೆ ಅದರ ಮೈಮ್‌ಮ್ಯಾಪ್ ಕಡತದಲ್ಲಿ ಆ ಎಕ್ಸ್‌ಟೆನ್ಷನ್ನಿಗೆ ಒಂದು ಬಗೆಯ ಹೆಸರು ಕೊಡಿ. ಮೈಮ್‌ಕಾನ್ಫ್ ಕಡತದ ಇಂಡೆಕ್ಸ್ ವಿಭಾಗದಲ್ಲಿ ಆ ಹೆಸರಿನ ಎದುರು ಎಕ್ಸೆಕ್ ಎಂದು ಬರೆದು, ಕಡತದಿಂದ ಪಠ್ಯ ಹೊರತೆಗೆಯಲು ನೀವು ಬರೆದ ಸ್ಕ್ರಿಪ್ಟಿನ (ಸಣ್ಣ ಪ್ರೋಗ್ರಾಮಿನ) ಹೆಸರು ಸೇರಿಸಿ. ಆ ಸ್ಕ್ರಿಪ್ಟಿನೊಳಗೇ ನುಡಿಯಿಂದ ಯೂನಿಕೋಡಿಗೆ ಪರಿವರ್ತನೆ ನಡೆಸಿದರೆ ಪಕ್ಕದ ಪಠ್ಯ ಕಡತವೂ ಬೇಡ. ಕಡತ ಸಾವಿರಗಟ್ಟಲೆ ಇರುವ ಸಂಸ್ಥೆಗಳಿಗೆ ಇದೇ ಮೇಲು.

ಹಳೆಯ ದಾಖಲೆಗಳ ಸ್ಕ್ಯಾನಿಂಗನ್ನು ಗುತ್ತಿಗೆಗೆ ಕೊಡುವ ಸಂಘ, ಪಂಚಾಯಿತಿ, ಗ್ರಂಥಾಲಯಗಳಲ್ಲಿ ನನ್ನದೊಂದು ವಿನಂತಿ. ಪುಟಕ್ಕೆ ಇಷ್ಟು ಎಂದು ದರ ಗೊತ್ತುಮಾಡುವಾಗಲೇ 300 ಡಿಪಿಐ ಮತ್ತು ಯೂನಿಕೋಡ್ ಪಠ್ಯದ ಪದರ ಇರಬೇಕು ಎಂಬ ಷರತ್ತು ಬರೆಸಿ. ಬಿಲ್ ಪಾಸು ಮಾಡುವ ಮುನ್ನ ಯಾವುದಾದರೂ ಹತ್ತು ಕಡತ ತೆಗೆದು, ಅದರೊಳಗಿನ ಒಂದು ಊರಿನ ಹೆಸರನ್ನು ಕನ್ನಡದಲ್ಲಿ ಹೊಡೆದು ಹುಡುಕಿ. ಸಿಗದಿದ್ದರೆ ಆ ಕೆಲಸವನ್ನು ವಾಪಸು ಕಳಿಸಿ.

ಇಂತಿ,
ದಾಖಲೆ ಗಣಕೀಕರಣದ ಕೆಲಸದಲ್ಲಿರುವ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ